ವಿಜಯನಗರದ ಬಿಡಾರದಲ್ಲಿ ಒಬ್ಬ ಪರ್ಷಿಯನ್ ರಾಯಭಾರಿ

ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಇಮ್ಮಡಿ ದೇವರಾಯನು ತನಗೆ ಒದಗಿಸಿದ ಬಿಡಾರದ ಬಗ್ಗೆ ಬರೆದಿಟ್ಟ ವಿವರಗಳು ಅಂದಿನ ಅತಿಥಿಸತ್ಕಾರದ ಏರ್ಪಾಡನ್ನು ಅರಿಯಲು ಸಿಗುವ ಅಪರೂಪದ ಆಧಾರಗಳಾಗಿವೆ. ಅವನಿಗೆ ಎತ್ತರವಾದ ಮನೆಯೊಂದನ್ನು ಬಿಟ್ಟುಕೊಟ್ಟು, ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆಯ ಜೊತೆಗೆ ಎರಡು ವರಹಗಳನ್ನು, ಎಂದರೆ ಆ ಕಾಲದ ಚಿನ್ನದ ನಾಣ್ಯಗಳನ್ನು, ಕಳುಹಿಸಲಾಗುತ್ತಿತ್ತು. ವಾರಕ್ಕೆರಡು ಸಂಜೆ ಅರಮನೆಯಿಂದ ಕರೆ ಬಂದಾಗ ವೀಳ್ಯ, ಕರ್ಪೂರ ಹಾಗೂ ಹಣದ ಚೀಲ ದೊರೆಯುತ್ತಿದ್ದವು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಂತಿಲ್ಲದ ಕಾರಣ ಆ ಚೀಲವನ್ನೇ ಔತಣವೆಂದು ತಿಳಿಯಬೇಕೆಂದು ದೊರೆ ಹೇಳಿದ್ದು, ಆಚಾರವನ್ನೂ ಬಿಡದೆ ಅತಿಥಿಯನ್ನೂ ನೋಯಿಸದ ಸೌಜನ್ಯಕ್ಕೆ ಸಾಕ್ಷಿಯಾಗಿದೆ.

ಕಹಿಯನ್ನೂ ಅಬ್ದುರ್ ರಜಾಕನು ಮುಚ್ಚಿಡಲಿಲ್ಲ. ಇಂದಿನ ಶಕ್ತಿನಗರ, ದೇವದುರ್ಗ, ಮಾನ್ವಿಗಳನ್ನು ಒಳಗೊಂಡ ರಾಯಚೂರು ದೋಆಬಿಗಾಗಿ, ಅಂದರೆ ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ನೆಲಕ್ಕಾಗಿ, ಬಹಮನಿಯರೊಡನೆ ಕಾದಾಟ ನಡೆದ ಆ ವರ್ಷ ದಂಡನಾಯಕನು ಕಲಬುರಗಿಯ ಕಡೆಗೆ ದಂಡೆತ್ತಿ ಹೋದಾಗ, ಅವನ ಜಾಗಕ್ಕೆ ಬಂದ ಅಧಿಕಾರಿಯು ಈ ನಿತ್ಯದ ಪಡಿಯನ್ನೇ ನಿಲ್ಲಿಸಿದನು. ಹೊರ್ಮುಜಿನ ವರ್ತಕರಂತೂ ಈತ ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿದರು. ಮರಳಿ ಬಂದ ದಂಡನಾಯಕನು ಆ ಅಧಿಕಾರಿಯನ್ನು ಗದರಿಸಿದನು. ಅದೇ ವರ್ಷದ ಕೊನೆಯ ಭಾಗದಲ್ಲಿ ಅಬ್ದುರ್ ರಜಾಕನು ವಿಜಯನಗರವನ್ನು ಬಿಟ್ಟು ಹೊರಟನು.