ಅಡಿಕೆ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆ

ಬಾಯಿ ಕ್ಯಾನ್ಸರಿನ ಮುನ್ಸೂಚನೆ ಹಿಡಿಯಲು ದೊಡ್ಡ ಯಂತ್ರ ಬೇಡ. ಒಂದು ಟಾರ್ಚು, ಪಳಗಿದ ಕಣ್ಣು ಸಾಕು. ಆದರೂ ನಮ್ಮಲ್ಲಿ ಬಹುಪಾಲು ರೋಗಿಗಳು ಆಸ್ಪತ್ರೆ ಮುಟ್ಟುವುದು ರೋಗ ಬಲಿತ ಮೇಲೆಯೇ. ಈ ತಡ ನೀಗಿಸುವ ಪ್ರಯತ್ನಗಳಿಗೆ ಅರ್ಧ ಶತಮಾನ ದಾಟಿದೆ. ಅಡಿಕೆ ಬೆಳೆಯುವ, ಶುಭಕಾರ್ಯವೆಂದರೆ ಎಲೆ-ಅಡಿಕೆ ಕೊಡುವ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಗೆ ಆ ಕಥೆ ದೂರದ್ದಲ್ಲ.

ಮೊದಲ ದೊಡ್ಡ ಹೆಜ್ಜೆ 1960ರ ದಶಕದ್ದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ ತಂಡ, ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಜೊತೆ ಸೇರಿ, ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿತು. ಕ್ಯಾನ್ಸರ್ ಬಹುತೇಕ ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತಗಳ ಹಿಂದೆಯೇ ಬರುತ್ತದೆಂಬ ತಿಳಿವಳಿಕೆ ಇಂಥ ಸಮೀಕ್ಷೆಗಳಿಂದ ಗಟ್ಟಿಯಾಯಿತು. ಮುಂದೆ 36,000 ತಂಬಾಕು ಬಳಕೆದಾರರ ನಡುವೆ ನಡೆದ ಅಧ್ಯಯನ, ತಿಳಿಹೇಳಿದರೆ ಜನ ಚಟ ಬಿಡುತ್ತಾರೆ, ಬಿಳಿ ಮಚ್ಚೆಯೂ ಇಳಿಯುತ್ತದೆ ಎಂದು 1986ರಲ್ಲಿ ತೋರಿಸಿತು.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. 1980ರ ದಶಕದ ಆರಂಭದಲ್ಲಿ ನಗರದ ಕ್ಯಾನ್ಸರ್ ನೋಂದಣಿ ಶುರುವಾಗಿ ಲೆಕ್ಕ ಸಿಗತೊಡಗಿತು. ತಪಾಸಣೆಯಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ತಿರುವನಂತಪುರದಿಂದ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರೇ ಬಾಯಿ ನೋಡಿದ ಆ ಪ್ರಯೋಗದಲ್ಲಿ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದದ್ದನ್ನು 2005ರ ವರದಿ ದಾಖಲಿಸಿತು. ಚಟವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಯಾರ ಬಾಯಿ ಮೊದಲು ನೋಡಬೇಕೆಂಬುದು ಇದರಿಂದ ತಿಳಿಯಿತು.

ಕಾನೂನಿನ ದಾರಿ ಬೇರೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ನಂತರ 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರ ಶೇ 28.2ರಿಂದ 2016-17ಕ್ಕೆ ಶೇ 22.8ಕ್ಕೆ ಇಳಿಯಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಗುಟ್ಕಾ ಮರಳಿ ಬಂತು.

ಅಡಿಕೆ ಮಾತ್ರ ಈ ಹೋರಾಟದ ಹೊರಗೇ ಉಳಿಯಿತು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ಸಂಪುಟ ಹೇಳಿತು. "ಕಡ್ಡಿಪುಡಿ ಹಾಕಲ್ಲ, ಬರೀ ಎಲೆ-ಅಡಿಕೆ" ಎನ್ನುವವರೂ ನಿಶ್ಚಿಂತರಲ್ಲ. ಅಡಿಕೆಯೇ ಜೀವನವಾದ ಕಡೆ ಈ ಮಾತು ಆಡುವುದು ಕಷ್ಟ. ಬೆಳೆಯ ಬೆಲೆಗೆ ದನಿ ಎತ್ತುವಷ್ಟು ಜನ ಅಗಿಯುವವನ ಕೆನ್ನೆಯ ಬಗ್ಗೆ ಎತ್ತುವುದಿಲ್ಲ.

2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಮೊದಲ ಹಂತದಲ್ಲೇ ತುಮಕೂರನ್ನು ಒಳಗೊಂಡಿತು. 2016ರ ಮಾರ್ಗಸೂಚಿ 30 ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಬೇಕೆಂದಿತು. ಆಶಾ ಕಾರ್ಯಕರ್ತೆ ಮನೆಯಲ್ಲೇ ಪಟ್ಟಿ ಹಿಡಿದು ಕೇಳುತ್ತಾರೆ: ಬಾಯಿ ತೆರೆಯಲು ಕಷ್ಟವೇ, ಎರಡು ವಾರವಾದರೂ ಮಾಯದ ಹುಣ್ಣಿದೆಯೇ, ಮಚ್ಚೆಯಿದೆಯೇ? ಬೆಂಗಳೂರಿನ ದಂತವೈದ್ಯರು ಮೊಬೈಲಿನಲ್ಲಿ ಬಂದ ಬಾಯಿಯ ಚಿತ್ರ ನೋಡಿ ಸಲಹೆ ಕೊಡುವ ಪ್ರಯೋಗವನ್ನೂ ಮಾಡಿದ್ದಾರೆ.

ತೊಡಕು ಇರುವುದು ಆಮೇಲೆ. ಮಚ್ಚೆ ಕಂಡವರು ಚೇಳೂರಿನಿಂದ ಗುಬ್ಬಿಗೆ, ತುಮಕೂರಿಗೆ, ಕೊನೆಗೆ ಬೆಂಗಳೂರಿಗೆ ಅಲೆಯಬೇಕು. ನೋವಿಲ್ಲದ ಮಚ್ಚೆಗಾಗಿ ದಿನದ ಕೂಲಿ ಬಿಡಲು ಯಾರಿಗೆ ಮನಸ್ಸು? ಹಾಗಾಗಿ ಇನ್ನು ಮುಂದೆ ಎಷ್ಟು ಬಾಯಿ ನೋಡಿದೆವು ಎಂಬ ಲೆಕ್ಕ ಸಾಲದು. ಎಷ್ಟು ಜನರ ಬಯಾಪ್ಸಿ ಆಯಿತು, ಎಷ್ಟು ಜನ ಅಡಿಕೆ ಬಿಟ್ಟರು ಎಂಬುದೇ ಕಾರ್ಯಕ್ರಮದ ಅಳತೆಯಾಗಬೇಕು.