ಸಂಕೋಚ ಮತ್ತು ಸೂರ್ಯಕಾಂತಿ



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ಬರುವುದು ವಾಡಿಕೆ. ಇಂದು ಅವನ್ನು ಬಿಟ್ಟು, ನಾವು ನೆಲೆಸಿರುವ ಈ ಇಂಗ್ಲೆಂಡಿನ ಒಂದು ಹಳ್ಳಿಯ ಚರಿತ್ರೆಯನ್ನು ಹೇಳಬಯಸುತ್ತೇನೆ. ಅದರಲ್ಲಿ ಒಂದು ಕ್ಯಾಲೆಂಡರ್ ಇದೆ. ಆ ಕ್ಯಾಲೆಂಡರಿನಲ್ಲಿ ವಿವಸ್ತ್ರರಾದ ಹನ್ನೊಂದು ಮಂದಿ ಮಹಿಳೆಯರಿದ್ದಾರೆ. ಹಿರಿಯರು ಕ್ಷಮಿಸಿ ಕೊನೆಯವರೆಗೆ ಕೇಳಬೇಕೆಂದು ವಿನಂತಿ.

ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘ 1897ರಲ್ಲಿ ಕೆನಡಾದ ಸ್ಟೋನಿ ಕ್ರೀಕ್‌ನಲ್ಲಿ ಹುಟ್ಟಿತು. ಅದರ ಪ್ರೇರಕಿ ಅಡಿಲೇಡ್ ಹೂಡ್‌ಲೆಸ್, ಎಳೆಯ ಮಗನನ್ನು ಕಳೆದುಕೊಂಡ ತಾಯಿ. ಮನೆಯ ಶುಚಿತ್ವ ಮತ್ತು ಆರೋಗ್ಯದ ತಿಳಿವಳಿಕೆ ಹೆಣ್ಣುಮಕ್ಕಳಿಗೆ ದೊರೆಯಬೇಕೆಂಬುದು ಆಕೆಯ ಹಂಬಲವಾಗಿತ್ತು. 1915ರಲ್ಲಿ ಸಂಘ ವೇಲ್ಸ್‌ನ ಮೂಲಕ ಬ್ರಿಟನ್ನಿಗೆ ಕಾಲಿಟ್ಟು, ಯುದ್ಧಕಾಲದಲ್ಲಿ ಆಹಾರ ಬೆಳೆಯುವ, ಕೆಡದಂತೆ ಕಾಪಾಡುವ ಕಾರ್ಯದಲ್ಲಿ ತೊಡಗಿತು. ಹಣ್ಣಿನ ಜಾಮ್ ಮಾಡುವವರು, ‘ಜೆರೂಸಲೆಮ್’ ಗೀತೆ ಹಾಡುವವರು ಎಂಬುದೇ ಮುಂದೆ ಈ ಸದಸ್ಯೆಯರ ಖ್ಯಾತಿಯಾಯಿತು.

ಉತ್ತರ ಯಾರ್ಕ್‌ಷೈರಿನ ರಿಲ್‌ಸ್ಟೋನ್ ಶಾಖೆಯ ಏಂಜೆಲಾ ಬೇಕರ್ ಎಂಬುವರ ಪತಿ ಜಾನ್ ಬೇಕರ್, 1998ರಲ್ಲಿ, ತಮ್ಮ 54ನೆಯ ವಯಸ್ಸಿನಲ್ಲಿ ಲಿಂಫೋಮಾ ಎಂಬ ರಕ್ತಸಂಬಂಧಿ ಕ್ಯಾನ್ಸರಿಗೆ ಬಲಿಯಾದರು. ಕಾಯಿಲೆಯ ದಿನಗಳಲ್ಲಿ ಅವರು ಸ್ನೇಹಿತರಿಗೆ ಸೂರ್ಯಕಾಂತಿಯ ಬೀಜ ಹಂಚಿದ್ದರು. ಗೆಳತಿ ಟ್ರಿಶಿಯಾ ಸ್ಟೀವರ್ಟ್ ತಮಾಷೆಗೆಂದು ಆಡಿದ್ದ ಮಾತೊಂದನ್ನು ಈ ದುಃಖ ನಿಜವಾಗಿಸಿತು. 45 ದಾಟಿದ ಮಹಿಳೆಯರು ಜಾಮ್ ಮಾಡುತ್ತ, ಹೆಣಿಗೆ ಹಾಕುತ್ತ, ಹೂ ಜೋಡಿಸುತ್ತ ವಿವಸ್ತ್ರರಾಗಿ ಛಾಯಾಚಿತ್ರಕ್ಕೆ ಕುಳಿತರು. ಕೊರಳಲ್ಲಿ ಮುತ್ತಿನ ಸರ. ಮುಚ್ಚಬೇಕಾದುದನ್ನೆಲ್ಲ ಪಾತ್ರೆ, ಹೂಗಳೇ ಮುಚ್ಚಿದ್ದವು. ಬಣ್ಣವಿಲ್ಲದ ಆ ಚಿತ್ರಗಳಲ್ಲಿ ಸೂರ್ಯಕಾಂತಿಯೊಂದೇ ಹಳದಿ. ಛಾಯಾಗ್ರಾಹಕರು ಅವರಲ್ಲೊಬ್ಬರ ಪತಿ.

ಏಪ್ರಿಲ್ 1999ರಲ್ಲಿ ಕ್ಯಾಲೆಂಡರ್ ಹೊರಬಂದಾಗ ಅವರ ನಿರೀಕ್ಷೆ 5,000 ಪೌಂಡ್ ಮಾತ್ರ. 80,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2003ರ ಚಲನಚಿತ್ರ, ಬಳಿಕ ಬಂದ ನಾಟಕಗಳೂ ಸೇರಿ ಈವರೆಗೆ ಕೂಡಿದ ಹಣ 50 ಲಕ್ಷ ಪೌಂಡಿಗೂ ಮಿಗಿಲು. ಅದು ಸೇರಿದ್ದು ರಕ್ತದ ಕ್ಯಾನ್ಸರಿನ ಸಂಶೋಧನಾ ನಿಧಿಗೆ. ಆ ನಿಧಿಯೂ 1960ರಲ್ಲಿ, ಆರು ವರ್ಷದ ಮಗಳನ್ನು ಕಳೆದುಕೊಂಡ ಮಿಡಲ್ಸ್‌ಬರೋ ದಂಪತಿಗಳಿಂದ ಆರಂಭವಾದದ್ದು. ಅಂದು ಲ್ಯುಕೀಮಿಯಾ ತಗುಲಿದ ಮಕ್ಕಳಲ್ಲಿ ಉಳಿಯುತ್ತಿದ್ದವರು ಅತಿ ವಿರಳ. ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

ನಮ್ಮವರು ಹೀಗೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಮರ್ಯಾದೆಯ ಎಲ್ಲೆ ಒಂದೊಂದು ಸಮಾಜಕ್ಕೆ ಒಂದೊಂದು. ಆದರೆ ಶ್ರವಣಬೆಳಗೊಳದ ಗೊಮ್ಮಟನ ಮುಂದೆ ಕೈಮುಗಿಯುವ ನಮಗೆ, ಬೆತ್ತಲೆಯಲ್ಲಿಯೂ ಉದಾತ್ತ ಉದ್ದೇಶವಿರಬಲ್ಲದೆಂಬುದು ಹೊಸ ಮಾತಲ್ಲ. ನನ್ನನ್ನು ಕಾಡುವುದು ಬೇರೊಂದು ಸಂಕೋಚ. ನಮ್ಮ ಭಾಷೆಯ ತಾಯಿಯೊಬ್ಬರು ಎದೆಯಲ್ಲಿನ ಗಂಟನ್ನು ಒಂದು ವರ್ಷ ಯಾರಿಗೂ ತಿಳಿಸದೆ, ಕೊನೆಗೆ ನನ್ನ ಬಳಿ ಬಂದರು. “ಹೇಗೆ ಹೇಳೋದು ಡಾಕ್ಟ್ರೇ, ನಾಚಿಕೆ ಆಗ್ತಿತ್ತು” ಎಂದರು. ಅಷ್ಟರಲ್ಲಿ ಗಂಟು ಕಂಕುಳಿಗೂ ಹರಡಿತ್ತು. ರಿಲ್‌ಸ್ಟೋನಿನ ಮಹಿಳೆಯರಿಗೂ ನಾಚಿಕೆಯಿತ್ತು. ಅವರು ಅದನ್ನು ಕಾಯಿಲೆಗಿಂತ ದೊಡ್ಡದೆಂದು ಎಣಿಸಲಿಲ್ಲ, ಅಷ್ಟೆ.

ಸೇವೆಗೆ ನಮಗೂ ಒಂದು ದಾರಿಯಿದೆ. ಕೆಲವು ರಕ್ತದ ಕ್ಯಾನ್ಸರುಗಳಿಗೆ ಬೇರೊಬ್ಬರ ಕಾಂಡಕೋಶಗಳ ಕಸಿ ಬೇಕಾಗುತ್ತದೆ. ಹೊಂದುವ ದಾನಿ ಒಂದೇ ಮೂಲದ ಜನರಲ್ಲಿ ಸಿಗುವ ಸಂಭವ ಹೆಚ್ಚು. ಈ ದೇಶದಲ್ಲಿ ಮಗನಿಗಾಗಿ ದಾನಿಯನ್ನು ಅರಸಿದ ಶರ್ಲಿ ನೋಲನ್ ಎಂಬ ತಾಯಿ 1974ರಲ್ಲಿ ದಾನಿಗಳ ಪಟ್ಟಿ ಆರಂಭಿಸಿದರು. ಅಂಥ ಪಟ್ಟಿಗಳಲ್ಲಿ ಭಾರತೀಯರ ಹೆಸರುಗಳು ಇಂದಿಗೂ ಸಾಲವು. ನಮ್ಮ ರೋಗಿಗಳು ಕಾಯುತ್ತಲೇ ಇರುತ್ತಾರೆ.

ಆದ್ದರಿಂದ ಸಂಘದ ಕಾರ್ಯಕರ್ತರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ರಾಜ್ಯೋತ್ಸವದಂದು ಊಟದ ಸಾಲಿನ ಪಕ್ಕದಲ್ಲಿ ದಾನಿಗಳ ನೋಂದಣಿಗೆ ಒಂದು ಮೇಜು ಹಾಕಿಸಿರಿ. ವಯೋಮಿತಿಯೊಳಗಿನ ನಮ್ಮ ಯುವಕ ಯುವತಿಯರ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳುಹಿಸಿದರೆ ಮೊದಲ ಹೆಜ್ಜೆ ಮುಗಿಯಿತು. ಇದಕ್ಕೆ ಯಾರೂ ಹೊದೆದ ಶಾಲನ್ನೂ ತೆಗೆಯಬೇಕಾಗಿಲ್ಲ. ಬಾಯಿ ತೆರೆದರೆ ಸಾಕು.