ಶಿವನಿಯ ರೈಲು ಹಳಿ ಮತ್ತು ರೂಪಾಯಿಯ ಬೆಲೆ

ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲು ಬೀರೂರನ್ನು ದಾಟಿದ ಮೇಲೆ ಅಜ್ಜಂಪುರ ತಾಲ್ಲೂಕಿನ ಶಿವನಿಯನ್ನು ಹಾದುಹೋಗುತ್ತದೆ. ಗುಬ್ಬಿಯವರೆಗೆ ಮೈಸೂರು ಸಂಸ್ಥಾನ ಹಾಕಿದ್ದ ಹಳಿ ಹರಿಹರವನ್ನು ಮುಟ್ಟಿದ್ದು 1889ರಲ್ಲಿ. ಇದಕ್ಕಾಗಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, ಸದರನ್ ಮರಾಠಾ ರೈಲ್ವೆ ಕಂಪನಿಯ ಮೂಲಕ ಇಂಗ್ಲೆಂಡಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಲಾಯಿತು. ಸಾಲ ಪೌಂಡಿನಲ್ಲಿ, ಸಂಸ್ಥಾನದ ಆದಾಯ ರೂಪಾಯಿಯಲ್ಲಿ. ವಿನಿಮಯ ದರದ ಸಮಸ್ಯೆ ಹುಟ್ಟುವುದು ಇಲ್ಲಿಯೇ.

ಆಗ ಪೌಂಡಿಗೆ ಚಿನ್ನ ಆಧಾರ, ರೂಪಾಯಿಗೆ ಬೆಳ್ಳಿ. 1870ರ ದಶಕದಲ್ಲಿ ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಕೈಬಿಟ್ಟಾಗ ಅದರ ಬೆಲೆ ಕುಸಿಯಿತು. ಆ ದಶಕದ ಆರಂಭದಲ್ಲಿ 10 ರೂಪಾಯಿಗಿಂತ ತುಸು ಹೆಚ್ಚಿದ್ದ ಪೌಂಡು, ಸಾಲ ಎತ್ತುವ ವೇಳೆಗೆ ಸುಮಾರು 14 ರೂಪಾಯಿಗೆ ಏರಿತ್ತು. 1894-95ರಲ್ಲಿ 18 ರೂಪಾಯಿಯನ್ನು ದಾಟಿತು. ಸಾಲ ಒಂದು ಪೌಂಡೂ ಹೆಚ್ಚದಿದ್ದರೂ ಬಡ್ಡಿಯ ಹೊರೆ ಬೆಳೆಯಿತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಮಾರಾಟವಾಗುತ್ತಿದ್ದ ಚಿಕ್ಕಮಗಳೂರಿನ ಕಾಫಿಗೆ, ಪ್ರತಿ ಪೌಂಡಿಗೂ ಹೆಚ್ಚು ರೂಪಾಯಿ ದೊರೆಯುತ್ತಿತ್ತು. ಒಬ್ಬರ ನಷ್ಟ, ಇನ್ನೊಬ್ಬರ ಲಾಭ.

ಮೈಸೂರು ಇದನ್ನು ಸರಿಪಡಿಸಬಹುದಿತ್ತೆ? ಸಾಧ್ಯವಿರಲಿಲ್ಲ. ಬೆಂಗಳೂರಿನ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ನಾಣ್ಯದ ನೀತಿ ಬ್ರಿಟಿಷ್ ಸರ್ಕಾರದ ಕೈಯಲ್ಲಿತ್ತು. 1893ರಲ್ಲಿ ಆ ಸರ್ಕಾರ, ಖಾಸಗಿಯವರು ತಂದ ಬೆಳ್ಳಿಯನ್ನು ನಾಣ್ಯವಾಗಿಸುವುದನ್ನು ನಿಲ್ಲಿಸಿ ರೂಪಾಯಿಯನ್ನು ಬಿಗಿಗೊಳಿಸಿತು. ಶತಮಾನದ ಕೊನೆಗೆ ದರ ಪೌಂಡಿಗೆ 15 ರೂಪಾಯಿಯಲ್ಲಿ ನಿಂತಿತು. ಸಾಲಗಾರನ ಹೊರೆ ಇಳಿಯಿತು; ರಫ್ತುದಾರನ ಗಳಿಕೆಯೂ ಇಳಿಯಿತು.

ಸ್ವತಂತ್ರ ಭಾರತಕ್ಕೆ ತೀರ್ಮಾನದ ಅಧಿಕಾರವೇನೋ ಬಂದಿತು, ಆದರೆ ಇಕ್ಕಟ್ಟು ತಪ್ಪಲಿಲ್ಲ. ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ, 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. 21 ರೂಪಾಯಿಯ ಡಾಲರ್ ಸುಮಾರು 26 ಆಯಿತು. 1993ರ ಮಾರ್ಚಿನಿಂದ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. ಏರಿಳಿತ ವಿಪರೀತವಾದರೆ ರಿಸರ್ವ್ ಬ್ಯಾಂಕ್ ಮಧ್ಯೆ ಪ್ರವೇಶಿಸುತ್ತದೆ.

ಅರ್ಥಶಾಸ್ತ್ರಜ್ಞರಾದ ಮಂಡೆಲ್ ಮತ್ತು ಫ್ಲೆಮಿಂಗ್ 1960ರ ದಶಕದಲ್ಲಿ ನಡೆಸಿದ ಅಧ್ಯಯನಗಳಿಂದ ಒಂದು ಸೂತ್ರ ಬೆಳೆದುಬಂದಿದೆ. ಸ್ಥಿರ ವಿನಿಮಯ ದರ, ಬಂಡವಾಳದ ಮುಕ್ತ ಸಂಚಾರ, ಬಡ್ಡಿ ದರವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ: ಈ ಮೂರೂ ಒಂದು ದೇಶಕ್ಕೆ ಒಟ್ಟಿಗೆ ದಕ್ಕುವುದಿಲ್ಲ. ಮೈಸೂರಿಗೆ ಆಯ್ಕೆಯೇ ಇರಲಿಲ್ಲ. ನಮಗಿದೆ. ಆದರೆ ಯಾವುದನ್ನು ಆರಿಸಿದರೂ ಬೆಲೆ ತೆರುವವರೊಬ್ಬರು ಇದ್ದೇ ಇರುತ್ತಾರೆ. ಅವರು ಯಾರು ಎಂದು ಕೇಳುವುದರಿಂದಲೇ ವಿನಿಮಯ ದರದ ಅಧ್ಯಯನ ಆರಂಭವಾಗಬೇಕು.